ನಾನು ಬಳಿಯದ ಬಾಣಗಳು

ದೆವ್ವ, ಪವಾಡ, ಅಂಜನ ಹಾಕಿ ನೋಡುವುದು ಇವುಗಳ ಮಾತೆತ್ತಿದರೆ ನನಗೆ ಮೈ ಉರಿಯುತ್ತದೆ. ಇಂದಿಗೂ ಅಷ್ಟೇ. ಯಾರಾದರೂ ಹುಣಸೆಮರದ ಮೋಹಿನಿಯ ಕಥೆ ಶುರುಮಾಡಿದರೆ, ‘ಅವಳ ಅಡ್ರೆಸ್ ಕೊಡಿ, ನಾನೇ ಹೋಗಿ ವಿಚಾರಿಸಿಕೊಂಡು ಬರುತ್ತೇನೆ’ ಎಂದು ಎದ್ದು ನಿಲ್ಲುವ ಆಸಾಮಿ ನಾನು. ಮೂವತ್ತು ವರ್ಷಕ್ಕೂ ಮಿಗಿಲಾಗಿ ಡ್ರಾಫ್ಟ್ಸ್‌ಮನ್ ಕೆಲಸ ಮಾಡಿದವನು. ಅಳೆಯದೆ ಇದ್ದದ್ದನ್ನು ಕಾಗದದ ಮೇಲೆ ಎಳೆಯಬಾರದು ಎಂಬುದು ನಮ್ಮ ಕಸುಬಿನ ಮೊದಲ ಪಾಠ. ಆ ಪಾಠವನ್ನು ನಾನು ಒಂದೇ ಒಂದು ಸಲ ಮುರಿದೆ. ಈಗ ಹೇಳಹೊರಟಿರುವುದು ಆ ಕಥೆ.

ನಡುರಾತ್ರಿ, ಅಮಾವಾಸ್ಯೆ, ನಾಯಿ ಊಳಿಡುವುದು ಇವನ್ನೆಲ್ಲ ನಿರೀಕ್ಷಿಸಿ ಕೂತವರು ದಯವಿಟ್ಟು ಪುಟ ತಿರುಗಿಸಿಬಿಡಿ. ನಡೆದದ್ದೆಲ್ಲ ಬೆಳಕಿರುವಾಗ, ಇಲ್ಲವೇ ಬೆಳಕು ಮುಗಿಯುತ್ತಿರುವಾಗ ನಡೆದದ್ದು. ನನಗೆ ಯಾರನ್ನೂ ಹೆದರಿಸಬೇಕಾಗಿಲ್ಲ. ಒಂದು ತಪ್ಪು ಒಪ್ಪಿಕೊಳ್ಳಬೇಕಾಗಿದೆ, ಅಷ್ಟೇ. ಆ ತಪ್ಪನ್ನು ಹೇಳಬೇಕಾದರೆ ಅದಕ್ಕೆ ಅಂಟಿಕೊಂಡಿರುವ ವಿಚಿತ್ರವನ್ನೂ ಹೇಳಲೇಬೇಕು.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಜಯನಗರದಲ್ಲಿ ನಮ್ಮ ಮನೆ. ಭಾನುವಾರ ಬಂದರೆ ನಾವು ಮೂವರು ಸೈಕಲ್ ಹತ್ತಿ ಊರಾಚೆ ಹೋಗುತ್ತಿದ್ದೆವು. ಟಾರು ರಸ್ತೆಯಲ್ಲಲ್ಲ, ಕಾಡಿನ ಕಾಲುದಾರಿ, ಬಂಡೆ, ಹುಲ್ಲುಗಾವಲು, ಕುರಿ ಹೋಗುವ ಜಾಡು. ಈಗ ಅಂಥದ್ದಕ್ಕೆ ಬೇರೆಯೇ ಸೈಕಲ್ ಬಂದಿದೆ, ಗೇರು, ಸ್ಪ್ರಿಂಗು, ತಲೆಗೆ ಟೋಪಿ ಎಲ್ಲ ಉಂಟು. ಆಗ ನಮಗಿದ್ದದ್ದು ಹಾಲಿನವರ ಸೈಕಲ್ಲು. ಅದರ ಮಡ್‌ಗಾರ್ಡು, ಕ್ಯಾರಿಯರ್ರು, ಚೈನ್ ಕವರು ಎಲ್ಲ ಬಿಚ್ಚಿ, ದಪ್ಪ ಟೈರು ಹಾಕಿ ಕೊಡುತ್ತಿದ್ದವರು ಪುಟ್ಟಸ್ವಾಮಣ್ಣ. ಪುಟ್ಟೇನಹಳ್ಳಿಯಲ್ಲಿ ಅವರದೊಂದು ಸೈಕಲ್ ಶಾಪು ಇತ್ತು. ನಮಗಿಂತ ಹತ್ತು ವರ್ಷ ದೊಡ್ಡವರು, ಆದರೆ ಹುಚ್ಚಿನಲ್ಲಿ ನಮ್ಮ ಓರಗೆಯವರೇ.

ಇನ್ನೊಬ್ಬ ಶೇಷು. ಶೇಷಾದ್ರಿ. ನನ್ನ ಜೊತೆ ಹೈಸ್ಕೂಲಿನಲ್ಲಿ ಓದಿದವನು, ಬ್ಯಾಂಕಿನಲ್ಲಿ ಗುಮಾಸ್ತ. ತಂದೆಯಿಲ್ಲ, ತಾಯಿಗೆ ಒಬ್ಬನೇ ಮಗ. ಅವನಿಗೆ ಇರುಳುಗುರುಡು. ಹಗಲು ನಮ್ಮೆಲ್ಲರಂತೆ ಓಡಾಡುವವನು ಸೂರ್ಯ ಮುಳುಗಿದರೆ ಗೋಡೆ ತಡವಿಕೊಂಡು ನಡೆಯಬೇಕು. ಅವನ ಅಮ್ಮ ಪ್ರತಿ ಭಾನುವಾರ ಬಾಗಿಲಲ್ಲಿ ನಿಂತು ನನಗೆ ಮಾತ್ರ ಕೇಳಿಸುವಂತೆ ಹೇಳುತ್ತಿದ್ದರು: “ದೀಪ ಹಚ್ಚೋ ಹೊತ್ತಿಗೆ ಕರ್ಕೊಂಡು ಬಂದ್ಬಿಡಪ್ಪ.” ನಾನು “ನೀವೇನೂ ಯೋಚ್ನೆ ಮಾಡ್ಬೇಡಿ ಅಮ್ಮ, ನಾನಿದ್ದೀನಲ್ಲ” ಎನ್ನುತ್ತಿದ್ದೆ. ಎಷ್ಟು ಸಲೀಸಾಗಿ ಅಂದುಬಿಡುತ್ತಿದ್ದೆ!

ಗುರುವಾರ ಸಂಜೆ ಹೋಟೆಲಿನಲ್ಲಿ ಕಾಫಿ ಹಂಚಿಕೊಂಡು ಕುಡಿಯುತ್ತ ಮುಂದಿನ ಸವಾರಿಯ ಯೋಜನೆ ನಡೆಯುತ್ತಿತ್ತು. ನಮ್ಮಲ್ಲೊಂದು ಪದ್ಧತಿ. ಹೊಸ ದಾರಿಯಾದರೆ ಒಂದು ವಾರ ಮುಂಚೆ ನಾನೊಬ್ಬನೇ ಹೋಗಿ ನೋಡಿಬರಬೇಕು. ಕವಲು ಬಂದಲ್ಲೆಲ್ಲ ಕಲ್ಲಿನ ಮೇಲೆ ಸುಣ್ಣದಲ್ಲಿ ಬಾಣ ಬಳಿಯಬೇಕು. ಬಂದಮೇಲೆ ಟ್ರೇಸಿಂಗ್ ಕಾಗದದಲ್ಲಿ ನಕ್ಷೆ ಬರೆದು ಕೊಡಬೇಕು. ಸುಣ್ಣಕ್ಕೆ ಗೋಂದು ಕಲಸಿ ಒಂದು ಹಾಲಿನ ಪುಡಿಯ ಡಬ್ಬದಲ್ಲಿ ತುಂಬಿಟ್ಟುಕೊಂಡಿರುತ್ತಿದ್ದೆ, ಮಳೆಗೆ ಬೇಗ ತೊಳೆದುಹೋಗಬಾರದೆಂದು.

ಆ ಬಾಣದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಸುಬಿನಲ್ಲಿ ನಕ್ಷೆಯ ಮೂಲೆಯಲ್ಲಿ ಉತ್ತರ ದಿಕ್ಕು ತೋರಿಸುವ ಒಂದು ಬಾಣ ಹಾಕುತ್ತೇವೆ. ಒಬ್ಬೊಬ್ಬ ಡ್ರಾಫ್ಟ್ಸ್‌ಮನ್ನಿನದು ಒಂದೊಂದು ತರಹ. ಸಹಿ ಇದ್ದ ಹಾಗೆ. ಬಾಣ ನೋಡಿದರೆ ಸಾಕು, ಯಾರ ಕೈಬರಹ ಎಂದು ಆಫೀಸಿನಲ್ಲಿ ಎಲ್ಲರಿಗೂ ಗೊತ್ತಾಗುತ್ತಿತ್ತು. ನನ್ನ ಬಾಣದ ತಲೆಯಲ್ಲಿ ಎಡ ಅರ್ಧಕ್ಕೆ ಮಾತ್ರ ಬಣ್ಣ ತುಂಬಿರುತ್ತಿತ್ತು, ಬಲ ಅರ್ಧ ಖಾಲಿ. ಬಾಲದ ತುದಿಯಲ್ಲಿ ಓರೆಯಾಗಿ ಒಂದು ಸಣ್ಣ ಗೀಟು. ಕಾಡಿನಲ್ಲೂ ನಾನು ಅದನ್ನೇ ಬಳಿಯುತ್ತಿದ್ದೆ. “ನೋಡ್ರಪ್ಪ, ನಮ್ಮ ಇಂಜಿನಿಯರ್ರು ಕಲ್ಗೂ ಸೈನ್ ಹಾಕವ್ರೆ” ಎಂದು ಪುಟ್ಟಸ್ವಾಮಣ್ಣ ರೇಗಿಸುತ್ತಿದ್ದರು.

ಆ ಕಾರ್ತಿಕ ಮಾಸದಲ್ಲಿ ನಾವು ಹಾಕಿಕೊಂಡದ್ದು ದೊಡ್ಡ ಯೋಜನೆ. ಬನಶಂಕರಿ ದಾಟಿ, ಇಟ್ಟಮಡು, ಉತ್ತರಹಳ್ಳಿ, ಅಲ್ಲಿಂದ ತುರಹಳ್ಳಿಯ ಕಾಡಿಗೆ ನುಗ್ಗಿ, ಬಂಡೆ ಗುಡ್ಡದ ಎಡಗಡೆಯಿಂದ ಬಳಸಿ, ಕುರುಚಲು ಬಯಲು ಹಾಯ್ದು ಕನಕಪುರ ರಸ್ತೆಗೆ ಬಂದು ಬೀಳುವುದು. ಅಲ್ಲಿಂದ ಪುಟ್ಟೇನಹಳ್ಳಿ, ಮನೆ. ಗುಡ್ಡದ ತನಕ ನಮಗೆ ದಾರಿ ಗೊತ್ತಿತ್ತು. ಆಚೆಗೆ ಯಾರೂ ಹೋದವರಲ್ಲ.

ನೋಡಿಬರಲು ನಾನು ಹೊರಟ ಭಾನುವಾರ, ಇಟ್ಟಮಡುವಿನಲ್ಲಿ ನನ್ನ ಸೋದರತ್ತೆ ಬಾಗಿಲಲ್ಲೇ ಹಿಡಿದು ನಿಲ್ಲಿಸಿದರು. “ಮನೆ ಮುಂದೇನೇ ಹೋಗ್ತಿದ್ದೀಯ, ಒಳಗೆ ಬರೋಕೇನು ಬಂದಿದೆಯೋ ದೊಡ್ಡ ಮನುಷ್ಯ?” ಅಂದರು. ಹುರುಳಿಕಾಳಿನ ಬಸ್ಸಾರು, ಬಿಸಿ ಮುದ್ದೆ, ಮೇಲೊಂದು ಲೋಟ ಮಜ್ಜಿಗೆ. ಅತ್ತೆಯ ಮನೆಯ ಜಗಲಿ ತಣ್ಣಗಿತ್ತು. ಹತ್ತು ನಿಮಿಷ ಎಂದು ಮಲಗಿದವನು ಕಣ್ಣುಬಿಟ್ಟಾಗ ದನ ಮನೆಗೆ ಬರುತ್ತಿದ್ದವು. ಕಾಡು ನೋಡಿದ್ದು ಅಷ್ಟರಲ್ಲೇ ಇತ್ತು. ಸುಣ್ಣದ ಡಬ್ಬವನ್ನೂ ಅಲ್ಲೇ ಜಗಲಿಯಲ್ಲಿ ಮರೆತು, ನಾಚಿಕೆಯಿಂದ ಮನೆಗೆ ಬಂದೆ.

ಇಷ್ಟನ್ನೇ ಹೇಳಿಬಿಟ್ಟಿದ್ದರೆ ಏನಾಗುತ್ತಿತ್ತು? ಇಬ್ಬರೂ ಒಂದು ವಾರ ನನ್ನನ್ನು ‘ಮುದ್ದೆ ಇಂಜಿನಿಯರ್ರು’ ಎಂದು ಆಡಿಕೊಳ್ಳುತ್ತಿದ್ದರು. ಅದಕ್ಕೆ ನನ್ನ ಜಂಬ ಒಪ್ಪಲಿಲ್ಲ. ಆಫೀಸಿನ ಮೂಲೆಯಲ್ಲಿ ಆ ಕಡೆಯ ಒಂದು ಹಳೆಯ ಸರ್ವೆ ಶೀಟು ಸುರುಳಿ ಸುತ್ತಿ ಬಿದ್ದಿತ್ತು, ನಾನು ಹುಟ್ಟುವುದಕ್ಕೂ ಮುಂಚಿನದು. ಅದರಲ್ಲಿ ಗುಡ್ಡದ ಎಡಕ್ಕೆ ಚುಕ್ಕಿ ಚುಕ್ಕಿಯಾಗಿ ಒಂದು ಗಾಡಿಜಾಡು ಕಂಡಿತು. ಕೂತು ಅದನ್ನೇ ಟ್ರೇಸ್ ಮಾಡಿದೆ. ಎಷ್ಟು ಚೆನ್ನಾಗಿ ಬರೆದೆನೆಂದರೆ, ಮರ, ಬಂಡೆ, ಹಳ್ಳ ಎಲ್ಲ ನನ್ನ ಕಲ್ಪನೆಯಿಂದ ಹಾಕಿ, ಕವಲುಗಳಲ್ಲಿ ‘ಸುಣ್ಣದ ಗುರುತು ಇದೆ’ ಎಂದೂ ಬರೆದೆ. ಮೂಲೆಯಲ್ಲಿ ನನ್ನ ಬಾಣ. ಶೇಷು ಅದನ್ನು ನೋಡಿ, “ಸಖತ್ತಾಗಿದೆ ಗುರು, ಕಣ್ಮುಚ್ಕೊಂಡು ಹೋಗಿ ಬರಬೋದು” ಎಂದ. ಅವನ ಬಾಯಲ್ಲಿ ಆ ಮಾತು ಕೇಳಿ ನನಗೆ ಚುಳ್ಳೆಂದಿತು. ಆದರೂ ನಕ್ಷೆ ಮಡಿಸಿ ಅವನ ಕೈಗೇ ಕೊಟ್ಟೆ.

ಇನ್ನೂ ಹೇಸಿಗೆಯ ವಿಷಯ ಮುಂದಿದೆ. ಜೊತೆಯಲ್ಲಿ ಹೋದರೆ ನನ್ನ ಸುಳ್ಳು ಬಯಲಾಗುತ್ತದೆಂದು, ಆಫೀಸಿನಲ್ಲಿ ಅರ್ಜೆಂಟ್ ಕೆಲಸವಿದೆ, ಈ ಭಾನುವಾರ ಬರಲಾಗುವುದಿಲ್ಲ ಎಂದು ಶನಿವಾರ ಇನ್ನೊಂದು ಸುಳ್ಳು ಹೇಳಿದೆ. ಅದೇನು ಮಹಾ ಕಾಡೇ, ಹಗಲುಹೊತ್ತು, ಇಬ್ಬರಿದ್ದಾರೆ, ದಾರಿ ಸಿಗದಿದ್ದರೆ ಬಂದ ದಾರಿಯಲ್ಲೇ ವಾಪಸ್ಸು ಬರುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅವನ ಅಮ್ಮನಿಗೆ ಕೊಟ್ಟ ಮಾತು ನೆನಪಿರಲಿಲ್ಲವೇ ಎಂದು ಕೇಳಬೇಡಿ. ನೆನಪಿತ್ತು.

ಆ ಭಾನುವಾರ ನಾನು ಮನೆ ಬಿಟ್ಟು ಅಲ್ಲಾಡಲಿಲ್ಲ. ಹೊರಗೆ ಕಂಡರೆ ಸಿಕ್ಕಿಬೀಳುತ್ತೇನಲ್ಲ! ಊಟ ಮಾಡಿ ಗೋಡೆಗೊರಗಿ ಪೇಪರ್ ಓದುತ್ತ ಹಾಗೆಯೇ ನಿದ್ದೆಹೋದೆ. ಎಚ್ಚರವಾದಾಗ ಐದೂಮುಕ್ಕಾಲು. ಕಾರ್ತಿಕದ ಹೊತ್ತು, ಮೋಡ ಬೇರೆ. ಆಗಲೇ ಮಬ್ಬು ಕವಿದಿತ್ತು. ಯಾಕೋ ಮೈಯೆಲ್ಲ ಬೆವೆತು, ಕಾಲು ಮೈಲುಗಟ್ಟಲೆ ನಡೆದವನ ಕಾಲಿನ ಹಾಗೆ ಸೇದುತ್ತಿತ್ತು. ಕಾಫಿ ಕೊಡಲು ಬಂದ ಅಮ್ಮ, “ಅದೇನೋ ಉಗುರಲ್ಲೆಲ್ಲ ಬಿಳೀಗೆ? ಗೋಡೆ ಕೆರೀತಿದ್ಯಾ ನಿದ್ದೇಲಿ?” ಎಂದರು. ನಮ್ಮದು ಸುಣ್ಣ ಹೊಡೆದ ಗೋಡೆಯೇ, ಒರಗಿದರೆ ಬೆನ್ನಿಗೂ ಹತ್ತುತ್ತಿತ್ತು. ಆಗ ನಾನು ಅದಕ್ಕೆ ಗಮನ ಕೊಡಲಿಲ್ಲ. ಇಲ್ಲಿ ಇದ್ದದ್ದನ್ನು ಇದ್ದಹಾಗೆ ಬರೆದಿದ್ದೇನೆ.

ಕಾಫಿ ಮುಟ್ಟದೆ ಎದ್ದೆ. ಶೇಷುವಿನ ಮನೆ ಕಡೆಗೆ ಹೋಗಲು ಧೈರ್ಯ ಸಾಲಲಿಲ್ಲ. ಅವನ ಅಮ್ಮ ಬಾಗಿಲಲ್ಲೇ ನಿಂತಿರುತ್ತಾರೆಂದು ಗೊತ್ತು. ಸೀದಾ ಪುಟ್ಟೇನಹಳ್ಳಿಗೆ ಸೈಕಲ್ ತುಳಿದೆ. ಪುಟ್ಟಸ್ವಾಮಣ್ಣ ಶಾಪಿನಲ್ಲಿದ್ದರು. ಒಬ್ಬರೇ. ಗುಡ್ಡದ ಹತ್ತಿರ ಅವರ ಸೈಕಲ್ಲಿನ ಮುಂದಿನ ಫೋರ್ಕು ಮುರಿದಿತ್ತು. ಆಗಿನ್ನೂ ಎರಡು ಗಂಟೆ. ವಾಪಸ್ಸು ಹೋಗೋಣ ಎಂದು ಅವರು ಅಂದರೂ ಶೇಷು ಕೇಳಿರಲಿಲ್ಲ. “ಮ್ಯಾಪಲ್ಲಿ ಇನ್ನು ಒಂದೇ ಗಂಟೆ ದಾರಿ ಅಣ್ಣಾ, ಗುರುತು ಬೇರೆ ಹಾಕವ್ನೆ, ನಾನು ಮುಗಿಸ್ಕೊಂಡೇ ಬರ್ತೀನಿ” ಎಂದು ಹೊರಟುಹೋದನಂತೆ. ಇವರು ಉತ್ತರಹಳ್ಳಿಯವರೆಗೆ ಸೈಕಲ್ ಹೊತ್ತು ತಂದು, ಇಟ್ಟಿಗೆ ಲಾರಿ ಹತ್ತಿ ಬಂದಿದ್ದರು.

“ನೀವು ನೋಡಿರೋ ದಾರಿ ಅಂತ ನಾನೂ ಬಿಟ್ಬಿಟ್ಟೆ. ಆ ಕಡೆ ಕಲ್ಲು ಕ್ವಾರಿ ಐತಂತಲ್ಲ ಸಾರ್, ಲಾರಿಯವ್ನು ಹೇಳ್ದ. ನೀರು ತುಂಬ್ಕೊಂಡು ಬಾವಿ ಆಗೋಗೈತಂತೆ. ಅದನ್ನ ಬಳಸ್ಕೊಂಡು ತಾನೇ ನೀವು ಗುರುತು ಹಾಕಿರೋದು?” ಎಂದು ಕೇಳಿದರು.

ಆ ಹಳೆಯ ಶೀಟು ತಯಾರಾದಾಗ ಕ್ವಾರಿ ಇರಲಿಲ್ಲ. ನಾನು ಶಾಯಿಯಲ್ಲಿ ಅಷ್ಟು ಅಂದವಾಗಿ ಎಳೆದ ದಾರಿ ನೇರ ಅದರ ಬಾಯಿಗೆ ಹೋಗಿ ನಿಲ್ಲುತ್ತಿತ್ತು. ಕತ್ತಲಾದರೆ ಕೈಬೆರಳೂ ಕಾಣದವನನ್ನು ನಾನು ಅಲ್ಲಿಗೆ ಕಳಿಸಿದ್ದೆ. ಹಗಲು ಕಂಡ ಬಾವಿಗೆ ರಾತ್ರಿ ಬಿದ್ದರು ಎಂದು ಗಾದೆಯಿದೆ. ನಾನೋ, ಹಗಲೂ ಕಾಣದ ಬಾವಿಗೆ ಗೆಳೆಯನನ್ನು ತಳ್ಳಿದ್ದೆ. ಹೌದೆಂದೆನೋ ಇಲ್ಲವೆಂದೆನೋ ನೆನಪಿಲ್ಲ. “ಟಾರ್ಚ್ ತಗೊಳ್ಳಿ, ಹೋಗೋಣ” ಎಂದಷ್ಟೇ ಹೇಳಿದೆ.

ನಾವು ಶಾಪಿನ ಬಾಗಿಲು ಎಳೆಯುತ್ತಿದ್ದಾಗ ಮಾರ್ಕೆಟ್ಟಿಗೆ ಹೊರಟ ಒಂದು ಸೊಪ್ಪಿನ ಲಾರಿ ಬಂದು ನಿಂತಿತು. ಸೊಪ್ಪಿನ ಹೊರೆಗಳ ಮೇಲೆ ಸೈಕಲ್ಲು, ಅದರ ಪಕ್ಕದಲ್ಲಿ ಶೇಷು. ಮುಖ ಮೊಣಕೈಯೆಲ್ಲ ತರಚಿ, ಅಂಗಿ ಹರಿದು, ಆದರೆ ಇಡೀ ಮನುಷ್ಯ. ಪೆಟ್ರೊಮ್ಯಾಕ್ಸ್ ಬೆಳಕಿನಲ್ಲಿ ತಡವಿಕೊಂಡು ಇಳಿದವನು ನನ್ನ ದನಿ ಕೇಳಿದ್ದೇ ಬಂದು ತಬ್ಬಿಕೊಂಡ. “ಲೋ, ನಿನ್ನ ಬಾಣ ಇಲ್ದೇ ಇದ್ದಿದ್ರೆ ನಾನಿವತ್ತು ಹೆಣ ಕಣೋ” ಎಂದು ಅತ್ತ.

ಅವನು ಹೇಳಿದ್ದು ಇಷ್ಟು. ನಕ್ಷೆಯ ದಾರಿ ಅರ್ಧಕ್ಕೇ ಲಂಟಾನ ಪೊದೆಯಲ್ಲಿ ಕಳೆದುಹೋಯಿತು. ನೀಲಗಿರಿ ತೋಪಿನಲ್ಲಿ ಸುತ್ತಿ ಸುತ್ತಿ ದಿಕ್ಕು ತಪ್ಪಿತು. ಎರಡು ಸಲ ಪಂಕ್ಚರ್. ಹೊತ್ತು ಮುಳುಗುತ್ತಾ ಬಂದು ಕಣ್ಣು ಕೈಕೊಡತೊಡಗಿದಾಗ, ಎದುರಿನ ಕಪ್ಪು ಬಂಡೆಯ ಮೇಲೆ ಬೆಳ್ಳಗೆ ನನ್ನ ಬಾಣ ಕಂಡಿತು. ಮುಂದೆ ಇನ್ನೊಂದು. ಆಮೇಲೆ ಇನ್ನೊಂದು. ಬೇರೇನೂ ಕಾಣಿಸುತ್ತಿರಲಿಲ್ಲ, ಆ ಬಿಳುಪು ಮಾತ್ರ. ಒಂದು ಕಡೆ ನೇರ ನಡೆಯುತ್ತಿದ್ದವನನ್ನು ಬಾಣ ಗಕ್ಕನೆ ಬಲಕ್ಕೆ ತಿರುಗಿಸಿತು. ಅಲ್ಲಿ ಕಲ್ಲು ಕೈಯಲ್ಲಿ ತಡವಿ ನೋಡಿದನಂತೆ. ಕಾಲ ಬಳಿಯಿಂದ ಉರುಳಿದ ಚೂರುಗಲ್ಲು ಎಷ್ಟೋ ಹೊತ್ತಿನ ಮೇಲೆ ಕೆಳಗೆ ನೀರಿಗೆ ಬಿದ್ದ ಸದ್ದು ಕೇಳಿತು.

“ಸುಣ್ಣ ಇನ್ನೂ ಹಸೀಗಿತ್ತು ಕಣೋ. ನೋಡು, ಕೈಯೆಲ್ಲ ಮೆತ್ಕೊಂಡಿದೆ” ಎಂದು ಅಂಗೈ ತೋರಿಸಿದ. ಬೆಳ್ಳಗಿತ್ತು. ಆಮೇಲೆ ಕಣ್ಣೊರೆಸಿಕೊಂಡು ನಕ್ಕ. “ಆಫೀಸ್ ಅಂತ ಸುಳ್ಳು ಹೇಳಿದ್ಯಲ್ಲ ಮಗನೇ? ಬೆಳಿಗ್ಗೆ ಬರ್ತಾ ನೋಡ್ದೆ, ನಿಮ್ಮಾಫೀಸಿಗೆ ಇಷ್ಟು ದಪ್ಪ ಬೀಗ. ಹಳೇ ಗುರುತು ಕಾಣಿಸುತ್ತೋ ಇಲ್ವೋ ಅಂತ ನನಗೋಸ್ಕರ ನಮಗಿಂತ ಮುಂಚೆ ಹೋಗಿ ಮತ್ತೆ ಬಳಿದು ಬಂದಿದ್ದೀಯ. ಹೇಳಿದ್ರೆ ಏನಾಗ್ತಿತ್ತೋ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಹಾಗೆ ನಾನು ನನ್ನ ಉಗುರು ನೋಡಿಕೊಂಡೆ. ಹೇಳಬೇಕಾದದ್ದು ಆಗಲೇ. ‘ನಾನಲ್ಲ ಕಣೋ’ ಎಂಬ ಒಂದು ಮಾತು. ಬಾಯಿ ತೆರೆದೆ. ಹೊರಟದ್ದು ನಗು. ದೊಡ್ಡ ಮನುಷ್ಯನಂತೆ ಅವನ ಬೆನ್ನು ತಟ್ಟಿದೆ. ಆ ರಾತ್ರಿ ಅವನ ಅಮ್ಮ ನನ್ನ ಕೈಗಳೆರಡನ್ನೂ ಕಣ್ಣಿಗೊತ್ತಿಕೊಂಡಾಗಲೂ ಸುಮ್ಮನಿದ್ದೆ. ಛೀ, ಎಂಥ ಜನ್ಮ ನನ್ನದು!

ಮರುದಿನ ರಜೆ ಹಾಕಿ ಹೋದೆ. ಶೇಷು ಗಾಬರಿಯಲ್ಲಿ ಏನೋ ಕಂಡಿರಬೇಕೆಂದು ನಂಬಿದ್ದೆ. ದಾರಿಯಲ್ಲಿ ಮೊದಲು ಅತ್ತೆಯ ಮನೆ. ಡಬ್ಬ ಜಗಲಿಯ ಮೂಲೆಯಲ್ಲಿ ನಾನಿಟ್ಟಲ್ಲೇ ಇತ್ತು. ಮುಚ್ಚಳ ಬಿಗಿಯಾಗಿ ಕಚ್ಚಿಕೊಂಡಿತ್ತು. ಚಮಚದ ಹಿಡಿಯಿಂದ ಮೀಟಿ ತೆಗೆಯಬೇಕಾಯಿತು. ಸುಣ್ಣ ಅಂಚಿನವರೆಗೂ ತುಂಬಿತ್ತು, ಮೇಲೆ ಕೆನೆಗಟ್ಟಿದ ಪದರ ಕೂಡ ಒಡೆದಿರಲಿಲ್ಲ. ಯಾರಾದರೂ ಮುಟ್ಟಿದ್ದರೇ ಎಂದು ಕೇಳಿದ್ದಕ್ಕೆ ಅತ್ತೆಗೆ ಸಿಟ್ಟೇ ಬಂತು. “ನಿನ್ನ ಮುಷ್ಟಿ ಸುಣ್ಣಕ್ಕೆ ನಮ್ಮನೇಲಿ ಯಾರೋ ಬಾಯಿ ಬಿಟ್ಕೊಂಡು ಕೂತಿರೋದು?” ಎಂದರು.

ಗುಡ್ಡದ ಎಡಕ್ಕೆ ಹೋಗಿ, ಪೊದೆ ದಾಟಿ, ನೀಲಗಿರಿ ತೋಪಿನ ಅಂಚಿಗೆ ಬಂದೆ. ಕಾಚಿಹುಲ್ಲಿನ ವಾಸನೆ ಬರುತ್ತಿತ್ತು. ಚುರುಗುಟ್ಟುವ ಬಿಸಿಲು. ಬಂಡೆಯ ಮೇಲೆ ಬಾಣವಿತ್ತು.

ಎಡ ಅರ್ಧ ತುಂಬಿ, ಬಲ ಅರ್ಧ ಖಾಲಿ. ಬಾಲದಲ್ಲಿ ಓರೆ ಗೀಟು. ಬ್ರಷ್ಷನ್ನು ಮೇಲಿನಿಂದ ಕೆಳಕ್ಕೆ ಎಳೆದು ಕೊನೆಯಲ್ಲಿ ಚೂರು ಒತ್ತಿ ನಿಲ್ಲಿಸುವ ನನ್ನ ಕೆಟ್ಟ ಅಭ್ಯಾಸ ಸಹಿತ. ಇಂಥವು ಹನ್ನೊಂದು ಸಿಕ್ಕವು, ಕನಕಪುರ ರಸ್ತೆ ಕಾಣುವವರೆಗೂ. ಏಳನೆಯದು ಕ್ವಾರಿಯ ಅಂಚಿನಲ್ಲಿ. ಶೇಷುವಿನ ಚಪ್ಪಲಿಯ ಗುರುತು ಅಂಚಿನಿಂದ ಒಂದು ಮೊಳದಷ್ಟು ಈಚೆಗೇ ಬಲಕ್ಕೆ ತಿರುಗಿತ್ತು. ಕೆಳಗೆ ಹಸಿರು ನೀರು. ನಾನು ಅಲ್ಲೇ ಕುಕ್ಕರಿಸಿಬಿಟ್ಟೆ. ಬಿಸಿಲಲ್ಲಿ ಕೂತು ಒಬ್ಬನೇ ಅತ್ತುಬಿಟ್ಟೆನೆಂದು ಬರೆಯಲು ಈಗ ನಾಚಿಕೆಯಿಲ್ಲ.

ನಾನೂ ತಲೆ ಓಡಿಸದೆ ಬಿಟ್ಟಿಲ್ಲ. ಆ ಭಾಗದ ಫಾರೆಸ್ಟ್ ಗಾರ್ಡನ್ನು ಹುಡುಕಿ ಕೇಳಿದೆ; ಅವರು ಹಾಕುವುದು ಡಾಂಬರಿನಲ್ಲಿ ನಂಬರಂತೆ. ಕ್ವಾರಿ ಕೆಲಸ ನಿಂತು ವರ್ಷಗಳಾಗಿದ್ದವು. ಪುಟ್ಟಸ್ವಾಮಣ್ಣನಿಗೆ ನನ್ನ ಬಾಣ ಹೇಗಿರುತ್ತದೆಂದು ಗೊತ್ತಿತ್ತು ನಿಜ, ಆದರೆ ಅವರು ಗುಡ್ಡ ದಾಟಿಯೇ ಇರಲಿಲ್ಲ. ನಿದ್ದೆಯಲ್ಲಿ ನಾನೇ ಎದ್ದು ಹೋದೆನೆಂದರೆ, ಹಗಲುಹೊತ್ತು ಜಯನಗರದಿಂದ ಅಷ್ಟು ದೂರ ಹೋಗಿ ಬರುವುದು ಅಮ್ಮನ ಕಣ್ಣು ತಪ್ಪಿಸಿ ಆಗುವ ಮಾತೇ? ಅಮ್ಮ ಮಧ್ಯಾಹ್ನವೆಲ್ಲ ಅದೇ ಹಜಾರದಲ್ಲಿ ಕೂತು ಅವರೆಕಾಳು ಸುಲಿಯುತ್ತಿದ್ದರು. ನಾನು ಗೊರಕೆ ಹೊಡೆಯುತ್ತಿದ್ದೆ ಎಂದು ಅವರೇ ಸಾಕ್ಷಿ. ಮರುವರ್ಷ ಹೋದಾಗ ಬಂಡೆಗಳು ಕಪ್ಪಗೆ ಖಾಲಿಯಿದ್ದವು.

ನಕ್ಷೆಗೆ ಶೇಷು ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ. ಅವನ ಮದುವೆಯ ಮೊದಲ ಕರೆಯೋಲೆ ನನಗೇ. ಪ್ರತಿ ಆಯುಧಪೂಜೆಗೆ ಆ ನಕ್ಷೆಗೂ ಒಂದು ಕುಂಕುಮದ ಬೊಟ್ಟು. ಅವನ ಮನೆಗೆ ಹೋದರೆ ನಾನು ಆ ಗೋಡೆಗೆ ಬೆನ್ನು ಮಾಡಿ ಕೂರುತ್ತಿದ್ದೆ.

ಹನ್ನೆರಡು ವರ್ಷ ಹಾಗೇ ಕಳೆಯಿತು. ಅಷ್ಟರಲ್ಲಿ ಅವನಿಗೆ ಹಗಲಿನ ಕಣ್ಣೂ ಹೋಗಿತ್ತು. ಇಂಥ ಕಾಯಿಲೆ ಕೊನೆಗೆ ಹೀಗೇ ಆಗುತ್ತದೆಂದು ಡಾಕ್ಟರು ಮೊದಲೇ ಹೇಳಿದ್ದರಂತೆ. ಬನಶಂಕರಿಯಲ್ಲಿ ಮೊದಲ ಮಹಡಿಯ ಮನೆ. ಒಂದು ಸಂಜೆ ಹೋಗಿ ಎದುರು ಕೂತು, ಬಸ್ಸಾರಿನಿಂದ ಹಿಡಿದು ಬೀಗ ಹಾಕಿದ ಆಫೀಸಿನವರೆಗೆ ಎಲ್ಲವನ್ನೂ ಹೇಳಿದೆ. ಹೇಳುವಾಗ ಕೈ ಮುಗಿದಿದ್ದೆ. ಅವನಿಗೆ ಕಾಣದು ಎಂಬುದು ಆಮೇಲೆ ಹೊಳೆಯಿತು.

ಅವನು ಬಿದ್ದು ಬಿದ್ದು ನಕ್ಕ. “ಲೇ ಇವಳೇ, ಬಾರೇ ಇಲ್ಲಿ” ಎಂದು ಹೆಂಡತಿಯನ್ನು ಕರೆದ. “ಇವನಿಗೆ ವಯಸ್ಸಾಯ್ತು ಕಣೇ. ನಾನು ಎಲ್ಲಿ ಋಣ ಅಂದ್ಕೊಂಡ್ಬಿಡ್ತೀನೋ ಅಂತ ಕಥೆ ಕಟ್ಟಿಕೊಂಡು ಬಂದವ್ನೆ.”

“ದೇವರಾಣೆಗೂ ನಾನಲ್ಲ ಕಣೋ ಶೇಷು” ಎಂದೆ.

“ನೀನಲ್ದೆ ಇನ್ಯಾರೋ?” ಎಂದವನು ನನ್ನ ಅಂಗೈ ಎಳೆದುಕೊಂಡು ತೋರುಬೆರಳಿನಿಂದ ಬಾಣ ಬರೆದ. ಎಡ ಅರ್ಧವನ್ನು ಉಜ್ಜಿ ತುಂಬಿದ, ಬಲ ಅರ್ಧ ಬಿಟ್ಟ. ಬಾಲಕ್ಕೆ ಓರೆ ಗೀಟು ಎಳೆದು, ಕೊನೆಯಲ್ಲಿ ಚೂರು ಒತ್ತಿ ನಿಲ್ಲಿಸಿದ. “ಕಣ್ಣಲ್ಲಿ ಉಳಿದಿರೋದು ಇದೊಂದೇ. ಇದನ್ನೂ ಕಿತ್ಕೋಬೇಡ್ವೋ” ಎಂದ. ಈ ಸಲ ನಗುತ್ತಿರಲಿಲ್ಲ.

ನಾನು ಮತ್ತೆ ಆ ಮಾತೆತ್ತಲಿಲ್ಲ. ಆ ಬಾಣಗಳನ್ನು ಯಾರು ಬಳಿದರೆಂದು ನನಗೆ ಅಂದೂ ಗೊತ್ತಿರಲಿಲ್ಲ, ಇಂದೂ ಗೊತ್ತಿಲ್ಲ. ಯಾರು ಬಳಿಯಬೇಕಾಗಿತ್ತು ಎಂಬುದು ಮಾತ್ರ ಚೆನ್ನಾಗಿ ಗೊತ್ತು.

ಹೊರಟಾಗ ಅವನು ಗೇಟಿನವರೆಗೆ ಬರುತ್ತೇನೆಂದು ಎದ್ದ. ಕಡಿದಾದ ಮೆಟ್ಟಿಲು, ಕಂಬಿಯೂ ಇರಲಿಲ್ಲ. ಹೆಂಡತಿ ಕೋಲು ತಂದುಕೊಟ್ಟರೆ, “ಇವನಿದ್ದಾನಲ್ಲ, ಅದ್ಯಾಕೆ?” ಎಂದು ವಾಪಸ್ಸು ಕೊಟ್ಟ. ನನ್ನ ಮೊಣಕೈ ಹಿಡಿದುಕೊಂಡ. ನಾನು ಒಂದೊಂದೇ ಮೆಟ್ಟಿಲು ಎಣಿಸುತ್ತ ಇಳಿದೆ. ಅವನು ಮಾತಾಡಿಕೊಂಡು, ಒಂದು ಮೆಟ್ಟಿಲನ್ನೂ ಕಾಲಿನಿಂದ ತಡವಿ ನೋಡದೆ ಇಳಿದು ಬಂದ.